ಹಲ್ಲು ನೋಯದಿರುವಾಗಲೇ ದಂತವೈದ್ಯರನ್ನು ಹುಡುಕಿ

ಹಲ್ಲುನೋವು ಶುರುವಾದ ರಾತ್ರಿ ಯಾರಿಗೂ ವಿವೇಚನೆ ಉಳಿದಿರುವುದಿಲ್ಲ. ಬೆಳಗಾಗುತ್ತಲೇ ಕೆನ್ನೆ ಹಿಡಿದುಕೊಂಡು, ಯಾರ ಬಾಗಿಲು ತೆರೆದಿದೆಯೋ ಅವರ ಕುರ್ಚಿಯಲ್ಲಿ ಒರಗುತ್ತೇವೆ, ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತೇವೆ. (ಬಾಯಿ ಅಗಲಿಸಿಕೊಂಡಿರುವಾಗ ಬೇರೆ ಮಾತು ಹೊರಡುವುದೂ ಇಲ್ಲ.) ಹಾಗಾಗಿ ನಂಬಿಕಸ್ಥ ದಂತವೈದ್ಯರು ಬೇಕೆಂದರೆ ನೋವಿಲ್ಲದಿರುವಾಗಲೇ ಹುಡುಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬರೀ ತಪಾಸಣೆಗೆಂದು ಹೋಗಿ. ಅವರು ನಿಮ್ಮ ಹಲ್ಲು ನೋಡುವಷ್ಟು ಹೊತ್ತು ನೀವು ಅವರನ್ನು ನೋಡಬಹುದು.

ಅಂತರ್ಜಾಲದಲ್ಲಿ ರೋಗಿಗಳು ವೈದ್ಯರಿಗೆ ಕೊಡುವ ನಕ್ಷತ್ರಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಲ್ಲಿ ಹೊಗಳಿಕೆ ಸಿಗುವುದು ನಗುಮುಖಕ್ಕೆ, ಕಾಯಿಸದೆ ಒಳಗೆ ಕರೆದದ್ದಕ್ಕೆ, ಚುಚ್ಚುಮದ್ದು ನೋಯಲಿಲ್ಲವೆಂಬುದಕ್ಕೆ. ತುಂಬಿಸಿದ ಹಲ್ಲು ಎಷ್ಟು ಬಾಳಿಕೆ ಬಂತು ಎಂಬುದು ವರ್ಷಗಳ ಮೇಲೆ ತಿಳಿಯುವ ಸಂಗತಿ. ಅಷ್ಟು ಹೊತ್ತಿಗೆ ಹೊಗಳುವುದಕ್ಕೋ ಬಯ್ಯುವುದಕ್ಕೋ ಯಾರೂ ಮರಳಿ ಬರುವುದಿಲ್ಲ. ಅದೇ ವೈದ್ಯರ ಬಳಿ ಬಹುಕಾಲದಿಂದ ಹೋಗುತ್ತಿರುವವರನ್ನು ವಿಚಾರಿಸುವುದು ಮೇಲು.

ನಾನು ಗಮನಿಸುವುದು ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ಏನು ನಡೆಯುತ್ತದೆ ಎಂಬುದನ್ನು. ಮಧುಮೇಹ ಇದೆಯೇ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತೀರಾ, ಯಾವ ಔಷಧ ಒಗ್ಗುವುದಿಲ್ಲ ಎಂದೆಲ್ಲ ಕೇಳಿದರೇ? ಒಸಡಿನ ಅಂಚಿನಲ್ಲಿ ಅಳತೆಯ ಕಡ್ಡಿ ಇಳಿಸಿ ನೋಡಿದರೇ? ಆರೋಗ್ಯವಂತ ಒಸಡಿನಲ್ಲಿ ಅದು ಸಾಮಾನ್ಯವಾಗಿ 3 ಮಿಲಿಮೀಟರಿನೊಳಗೆ ನಿಲ್ಲುತ್ತದೆ.

ಇನ್ನು ಕಪ್ಪು ಚುಕ್ಕೆಯ ವಿಷಯ. ಜಗಳವೆಲ್ಲ ಇಲ್ಲೇ. ಕಪ್ಪಾಗಿರುವುದೆಲ್ಲ ಹುಳುಕಲ್ಲ, ಕೆಲವು ಬರೀ ಕಲೆ. ಹುಳುಕೇ ಆದರೂ ಹಲ್ಲಿನ ಮೇಲ್ಮೈ ಒಡೆಯದ ಹಂತದಲ್ಲಿ ಫ್ಲೋರೈಡ್ ಬಳಸಿ ಸರಿಯಾಗಿ ಹಲ್ಲುಜ್ಜಿದರೆ ಅದು ಅಲ್ಲಿಗೇ ನಿಲ್ಲಬಹುದು. ಕೊರೆದು ತೆಗೆದ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮಾತ್ರ ಮತ್ತೆ ಬೆಳೆಯುವುದಿಲ್ಲ. “ಇದನ್ನು ಈಗ ಮುಟ್ಟುವುದು ಬೇಡ, ಆರು ತಿಂಗಳ ನಂತರ ನೋಡೋಣ” ಎನ್ನುವ ವೈದ್ಯರ ಮೇಲೆ ನನಗೆ ತಟ್ಟನೆ ಗೌರವ ಹುಟ್ಟುತ್ತದೆ. ಬರುವ ಆದಾಯ ಬಿಟ್ಟುಕೊಟ್ಟು ಆಡುವ ಮಾತು ಅದು. ಹಾಗೆಂದು “ನೋವೇ ಇಲ್ಲ, ಹುಳುಕು ಎಲ್ಲಿಂದ ಬಂತು, ಎಲ್ಲ ದುಡ್ಡಿನಾಟ” ಎಂದು ಎದ್ದುಬರುವವರ ಪಕ್ಷವೂ ನನ್ನದಲ್ಲ. ಎನಾಮಲ್‌ನಲ್ಲಿ ನರವಿಲ್ಲ, ಹುಳುಕು ಒಳಪದರ ತಲುಪುವವರೆಗೆ ಸದ್ದಿಲ್ಲದೆ ಸಾಗುತ್ತದೆ. ಎರಡು ಹಲ್ಲುಗಳ ಸಂದಿನದಂತೂ ಕಣ್ಣಿಗೆ ಬೀಳುವುದೇ ಕಷ್ಟ. ಎಕ್ಸ್‌ರೇಯಲ್ಲಿ ಅದು ಬಿಳಿ ಹಲ್ಲಿನ ಮೇಲಿನ ಕಪ್ಪು ನೆರಳಾಗಿ ಕಾಣುತ್ತದೆ. ಆ ನೆರಳನ್ನು ಬೆರಳಿಟ್ಟು ತೋರಿಸಲು ಬೇಸರಪಡದವರು ನಮಗೆ ಬೇಕು.

ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ನರ ತೆಗೆದು ತುಂಬಿಸುವ ಚಿಕಿತ್ಸೆ, ಬೇಕು ಎಂದಾಗಲೂ ಅಷ್ಟೇ: ಏಕೆ, ಬೇರೆ ದಾರಿ ಇದೆಯೇ, ಬಿಟ್ಟರೆ ಏನಾಗುತ್ತದೆ ಎಂದು ಕೇಳಿ. ನೋವು ತಾನಾಗಿ ನಿಂತಿತೆಂದು ಹಿಗ್ಗಬೇಡಿ. ಒಳಗಿನ ನರ ಸತ್ತು, ಸೋಂಕು ಬೇರಿನತ್ತ ಇಳಿಯುತ್ತಿರಬಹುದು.

ಉಪಕರಣಗಳನ್ನು ಆಟೊಕ್ಲೇವ್‌ನಲ್ಲಿ, ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಉಷ್ಣತೆಯಲ್ಲಿ ಶುದ್ಧೀಕರಿಸಿ, ಪೊಟ್ಟಣವನ್ನು ನಿಮ್ಮೆದುರೇ ಬಿಡಿಸಬೇಕು. ಕೇಳಲು ಸಂಕೋಚವೇಕೆ? ಬಾಯಿ ನಿಮ್ಮದು.

ಅನುಮಾನವಿದ್ದರೆ ಇನ್ನೊಬ್ಬರಿಗೆ ತೋರಿಸಿ. ಮೊದಲಿನವರು ಏನೆಂದರು ಎಂಬುದನ್ನು ಒಡನೆಯೇ ಒದರದೆ, ಎಕ್ಸ್‌ರೇ ಕೊಟ್ಟು ಸುಮ್ಮನೆ ಕೂತುಕೊಳ್ಳಿ. ಇಬ್ಬರ ಮಾತು ಬೇರೆಯಾದರೆ ಒಬ್ಬರು ಕಳ್ಳರೆಂದು ತೀರ್ಮಾನಿಸಬೇಡಿ. ಹುಳುಕು ಆಳವಾಗಿರುವಾಗ ತುಂಬಿಸಿ ಕಾಯುವುದೋ, ನೇರ ರೂಟ್ ಕೆನಾಲೋ ಎಂಬಲ್ಲಿ ಪ್ರಾಮಾಣಿಕರಿಗೂ ಭಿನ್ನಾಭಿಪ್ರಾಯವಿರುತ್ತದೆ. ಎಕ್ಸ್‌ರೇಯ ಪ್ರತಿ ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಬಳಿಗೆ ಮಾತ್ರ ನಾನು ಮತ್ತೆ ಹೋಗುವುದಿಲ್ಲ.