ನಕ್ಷೆ ಮಾಡುವವರ ನಡುವೆ ಎಐ ಬರಹ: ಇರಲೋ, ಬೇಡವೋ?

ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ತಿದ್ದಿದ್ದು ಯಾಕೆ, ಏನು ನೋಡಿ ತಿದ್ದಿದ್ದು ಎಂದು ಅಲ್ಲಿನವರು ಒಬ್ಬರಿಗೊಬ್ಬರು ಬರೆದು ತಿಳಿಸುತ್ತಾರೆ. ಈ ಬರವಣಿಗೆಯನ್ನು ಎಐ ಕೈಲಿ ಬರೆಸಬಹುದೇ?

ಪರ: ಜಾಗ ನಮಗೆ ಗೊತ್ತು, ಇಂಗ್ಲಿಷ್ ಅವರಿಗೆ ಗೊತ್ತು

ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೊಸದಾಗಿ ಬಂದವರಿಗೆ ಹೇಳಿಕೊಡುವ ಮೊದಲ ಪಾಠ: ಜಾಗದಲ್ಲಿ ಏನಿದೆಯೋ ಅದನ್ನೇ ಹಾಕಿ. ಜಾಗ ಕಂಡವರ ಮಾತೇ ಕೊನೆಯ ಮಾತು ಅಂತ. ಕೇಳಲು ಚೆಂದ. ಆದರೆ ಜಗಳ ಬಂದಾಗ ಗೆಲ್ಲುವವರು ಇಂಗ್ಲಿಷ್ ಚೆನ್ನಾಗಿ ಬರೆಯುವವರು.

2004ರಲ್ಲಿ ಸ್ಟೀವ್ ಕೋಸ್ಟ್ ಇದನ್ನು ಶುರು ಮಾಡಿದ್ದು ಬ್ರಿಟನ್ನಿನಲ್ಲಿ. ಹಾಗಾಗಿ ರಸ್ತೆಯ ಟ್ಯಾಗ್‌ಗಳೆಲ್ಲ, ಅಂದರೆ ಇದು ಯಾವ ಬಗೆಯ ರಸ್ತೆ ಎಂದು ಹೇಳುವ ಗುರುತುಪದಗಳೆಲ್ಲ, ಅಲ್ಲಿನ ರಸ್ತೆಗಳ ಲೆಕ್ಕದವು. ಹೊಸ ಟ್ಯಾಗ್‌ಗೆ ಎಲ್ಲರ ಒಪ್ಪಿಗೆ ಬೇಕು ಅಂದರೆ ಪ್ರಸ್ತಾವ ಬರೆಯಬೇಕು, ಬಂದ ಆಕ್ಷೇಪಗಳಿಗೆಲ್ಲ ಉತ್ತರ ಕೊಡಬೇಕು, ಆಮೇಲೆ ಮತ. ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷಿನಲ್ಲೇ. ತೋಟದ ದಾರಿ ಗೊತ್ತಿದ್ದು ಇಂಗ್ಲಿಷ್ ಬಾರದವರು ಸುಮ್ನೆ ಕೂರಬೇಕು.

ನಮ್ಮ ಕಡೆಯ ಒಂದು ಕಾಲುಸಂಕದ ವಿಷಯ ಹೇಳುತ್ತೇನೆ. ನಾನಿರುವುದು ಸಿದ್ದಾಪುರ ತಾಲ್ಲೂಕಿನಲ್ಲಿ. ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ, ಅದಕ್ಕೆ ಅಡಿಕೆ ಮರದ ಸಂಕ. ಬೇಸಿಗೆಯಲ್ಲಿ ಜೀಪನ್ನು ಹಳ್ಳಕ್ಕೇ ಇಳಿಸಿ ದಾಟಿಸುತ್ತಾರೆ. ಉಪಗ್ರಹದ ಚಿತ್ರದಲ್ಲಿ ಆ ಚಕ್ರದ ಗುರುತು ಎದ್ದು ಕಾಣುತ್ತದೆ. ಅದನ್ನು ನೋಡಿ ಯಾರೋ ಎರಡೂ ದಡ ಸೇರಿಸಿ ರಸ್ತೆ ಎಳೆದಿದ್ದರು. ಮಳೆಗಾಲದಲ್ಲಿ ಅಲ್ಲಿ ಎದೆಮಟ್ಟ ನೀರು! ನಾನು ರಸ್ತೆಯನ್ನು ಕತ್ತರಿಸಿದೆ. ನಡುವೆ ಕಾಲುದಾರಿ ಹಾಕಿ, ಸಂಕವನ್ನು ಸೇತುವೆ ಎಂದು ಗುರುತಿಸಿದೆ. ಯುರೋಪಿನ ಒಬ್ಬರು ಕೇಳಿದರು: ಚಿತ್ರದಲ್ಲಿ ರಸ್ತೆ ಕಾಣುತ್ತಿದೆಯಲ್ಲ, ಯಾಕೆ ಕತ್ತರಿಸಿದಿರಿ? ಪ್ರಶ್ನೆಯಲ್ಲಿ ತಪ್ಪಿಲ್ಲ. ನನ್ನಿಂದ ಹೊರಟ ಉತ್ತರ 'ನೋ ರೋಡ್, ರೈನ್'. ಅವರು ರಸ್ತೆಯನ್ನು ಮೊದಲಿನ ಹಾಗೇ ಜೋಡಿಸಿಬಿಟ್ಟರು.

ಆಮೇಲೆ ಕನ್ನಡದಲ್ಲಿ ಕೂತು ಬರೆದೆ. ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಸಂಕದ ಮೇಲೆ ಒಬ್ಬರ ಹಿಂದೆ ಒಬ್ಬರು ಮಾತ್ರ ಯಾಕೆ ಹೋಗಬೇಕು, ಹುಷಾರಿಲ್ಲದವರನ್ನು ಮಳೆಗಾಲದಲ್ಲಿ ಎತ್ತ ಕಡೆಯಿಂದ ಸುತ್ತಿಸಿ ಕರೆದುಕೊಂಡು ಹೋಗುತ್ತೇವೆ, ಎಲ್ಲವನ್ನೂ. ಎಐ ಅದನ್ನು ಒಳ್ಳೆ ಇಂಗ್ಲಿಷ್ ಮಾಡಿ ಕೊಟ್ಟಿತು. ಹಾಕಿದೆ. ಬಂದ ಉತ್ತರ: ಇದು ಎಐ ಬರೆದದ್ದು, ನಾನು ಓದುವುದಿಲ್ಲ. ಹಳ್ಳದ ಬಗ್ಗೆ ಒಂದು ಮಾತೂ ಇಲ್ಲ. ಕೆಟ್ಟ ಇಂಗ್ಲಿಷ್ ಬರೆದಾಗ ಅರ್ಥವಾಗಲಿಲ್ಲ, ಒಳ್ಳೆಯದು ಬರೆದರೆ ನಂಬಲಿಲ್ಲ. ನಾವು ಬರೆಯುವುದಾದರೂ ಹೇಗೆ ಸ್ವಾಮಿ?

ಕನ್ನಡದಲ್ಲೇ ಬರೆಯಿರಿ, ಓದುವವರು ಅನುವಾದ ಮಾಡಿಕೊಳ್ಳಲಿ ಎಂದು ಬೆಂಗಳೂರಿನ ಗೆಳೆಯರು ಹೇಳುತ್ತಾರೆ. ಅವರೇ ಒಮ್ಮೆ ಬರೆದು ನೋಡಲಿ.

ತಮಾಷೆ ಏನೆಂದರೆ ಇದೇ ನಕ್ಷೆಗೆ ಯಂತ್ರ ಎಳೆದ ರಸ್ತೆ ಆಗುತ್ತದೆ. ಫೇಸ್‌ಬುಕ್ 2019ರಲ್ಲಿ ರಾಪಿಡ್ ಎಂಬ ಸಾಧನ ತಂದಿತು. ಉಪಗ್ರಹದ ಚಿತ್ರ ನೋಡಿ ಎಐ ರಸ್ತೆ ಗುರುತಿಸುತ್ತದೆ, ಮನುಷ್ಯ ನೋಡಿ ಸೇರಿಸುತ್ತಾನೆ. ಮೈಕ್ರೋಸಾಫ್ಟ್ 2018ರಲ್ಲಿ ಅಮೆರಿಕದ ಸುಮಾರು 12.5 ಕೋಟಿ ಕಟ್ಟಡಗಳ ಆಕಾರವನ್ನು ಯಂತ್ರದಿಂದಲೇ ತೆಗೆಸಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದಕ್ಕೆಲ್ಲ ನಿಯಮ ಮಾಡಿಕೊಂಡು ಜಾಗ ಕೊಟ್ಟಿದ್ದಾರೆ. ದೊಡ್ಡ ಕಂಪನಿಯ ಎಐ ಬರಬಹುದು, ನನ್ನ ಫೋನಿನ ಎಐ ಬರಬಾರದು. ಚೆನ್ನಾಗಿದೆ ಅಲ್ವಾ?

ಎಐ ಸುಳ್ಳು ಹೇಳುತ್ತದೆ ಎನ್ನುತ್ತಾರೆ. ಮನುಷ್ಯರು ಹೇಳುವುದಿಲ್ವಾ? ಹಳ್ಳದ ಮೇಲೆ ರಸ್ತೆ ಎಳೆದವರು ಮನುಷ್ಯರೇ.

ಎಐ ಬಳಸಿದ್ದೇನೆ ಎಂದು ಒಂದು ಸಾಲು ಸೇರಿಸಿ ಎನ್ನಿ, ಸೇರಿಸುತ್ತೇನೆ. ಕನ್ನಡದ ಮೂಲವನ್ನೂ ಕೆಳಗೆ ಹಾಕಿ ಎನ್ನಿ, ಹಾಕುತ್ತೇನೆ. ಓದುವುದೇ ಇಲ್ಲ ಎನ್ನಬೇಡಿ.

ವಿರೋಧ: ಮೂಲ ಯಾವುದು ಅಂತ ಹೇಳುವವರು ಬೇಕು

ಪರವಾಗಿ ಬರೆಯುವವರು ಸಿಕ್ಕಿದ್ದಾರೆ, ನೀವು ವಿರೋಧ ಬರೆಯಿರಿ ಎಂದರು. ಆಗಲಿ ಅಂದೆ. ಆಫೀಸಿನ ಮೇಲ್‌ಗಳನ್ನು ನಾನೂ ಎಐ ಕೈಲೇ ತಿದ್ದಿಸುತ್ತೇನೆ, ಹಾಗಾಗಿ ಎಐ ಅಂದ ಕೂಡಲೇ ಸಿಟ್ಟು ಬರುವ ಜಾತಿ ನನ್ನದಲ್ಲ. ಆದರೂ ನಕ್ಷೆಯ ವಿಷಯದಲ್ಲಿ ಎರಡು ಮೂರು ತೊಂದರೆ ಕಾಣುತ್ತವೆ.

ಒಂದು, ಟ್ಯಾಗ್‌ಗಳದ್ದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಟ್ಯಾಗ್‌ಗಳ ಮುಚ್ಚಿದ ಪಟ್ಟಿ ಇಲ್ಲ. ಏನು ಬರೆದರೂ ಉಳಿಯುತ್ತದೆ, ತಪ್ಪು ಎಂದು ತಡೆಯುವವರಿಲ್ಲ. ಈ ಸ್ವಾತಂತ್ರ್ಯದಿಂದಲೇ ಅದು ಬೆಳೆದದ್ದು. ಹೊಸಬರೊಬ್ಬರು ಎಐಯನ್ನು ಕೇಳುತ್ತಾರೆ. ಅದು ಇಲ್ಲದ ಟ್ಯಾಗನ್ನು ಇದೆ ಎಂದು ಧೈರ್ಯವಾಗಿ ಹೇಳುತ್ತದೆ. ಅವರು ಹಾಕುತ್ತಾರೆ, ಇನ್ನೊಬ್ಬರಿಗೂ ಅದನ್ನೇ ಹೇಳಿಕೊಡುತ್ತಾರೆ. ಯಾವ ಟ್ಯಾಗ್ ಎಷ್ಟು ಸಲ ಬಳಕೆಯಾಗಿದೆ ಎಂದು ತೋರಿಸುವ ಟ್ಯಾಗ್‌ಇನ್ಫೋ ತಾಣದಲ್ಲಿ ಅದರ ಲೆಕ್ಕ ಏರುತ್ತದೆ. ಲೆಕ್ಕ ನೋಡಿದ ಮೂರನೆಯವರು, ಓ, ಇದು ಬಳಕೆಯಲ್ಲಿದೆ ಎಂದುಕೊಳ್ಳುತ್ತಾರೆ. ಆಮೇಲೆ ಕಿತ್ತುಹಾಕುವುದು ಕಷ್ಟ.

ಎರಡು, ಮೂಲದ್ದು. ಗೂಗಲ್ ಮ್ಯಾಪ್ಸ್ ನೋಡಿ ಇಲ್ಲಿಗೆ ನಕಲು ಮಾಡುವ ಹಾಗಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ 2012ರಿಂದ ಓಡಿಬಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದೆ, ಬೇರೆಯವರ ಹಕ್ಕಿನ ಮಾಹಿತಿ ಅದರೊಳಗೆ ಬರುವಂತಿಲ್ಲ. ಪ್ರತಿ ಬದಲಾವಣೆಯ ಜೊತೆ, ಕಣ್ಣಾರೆ ಕಂಡದ್ದೋ, ಚಿತ್ರ ನೋಡಿ ಹಾಕಿದ್ದೋ ಎಂದು ಬರೆಯಲು ಕೇಳುವುದು ಅದಕ್ಕೇ. ಆ ಸಾಲನ್ನು ಎಐ ಬರೆದರೆ 'ಸ್ಥಳೀಯ ಸಮೀಕ್ಷೆಯ ಆಧಾರದಲ್ಲಿ' ಅಂತಲೂ ಬರೆದುಬಿಡುತ್ತದೆ. ಸಮೀಕ್ಷೆ ಮಾಡಿದ್ದು ಯಾರು? ಅಂಗಡಿಯ ಫೋನ್ ನಂಬರ್ ಎಲ್ಲಿಂದ ಬಂತು? ಕೇಳಿದರೆ ಮತ್ತೆ ಎಐ ಉತ್ತರವೇ, ಅದೂ ಕ್ಷಮೆ ಕೇಳಿ, ಧನ್ಯವಾದ ಹೇಳಿ, ನಾಲ್ಕು ಪ್ಯಾರಾ.

ಇದನ್ನೆಲ್ಲ ಓದುವವರಿಗೆ ಸಂಬಳ ಇಲ್ಲ. ಬರೆಸಲು ಅರೆಕ್ಷಣ ಸಾಕು, ಪರೀಕ್ಷಿಸಲು ಒಂದು ಸಂಜೆ ಬೇಕು. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದವರು 2022ರ ಡಿಸೆಂಬರಿನಲ್ಲಿ, ಅಂದರೆ ಚಾಟ್‌ಜಿಪಿಟಿ ಬಂದ ಕೆಲವೇ ದಿನಗಳಲ್ಲಿ, ಅದರ ಉತ್ತರಗಳನ್ನು ನಿಷೇಧಿಸಿದರು. ಅವರ ಕಾರಣವೂ ಹೆಚ್ಚುಕಡಿಮೆ ಇದೇ: ನೋಡಲು ಸರಿ ಇದ್ದ ಹಾಗಿರುತ್ತವೆ, ತಪ್ಪಿರುತ್ತವೆ, ಒಟ್ಟಿಗೆ ರಾಶಿ ಬೀಳುತ್ತವೆ.

ರಾಶಿ ಬಿದ್ದರೆ ಏನಾಗುತ್ತದೆ ಎಂಬುದು ನಕ್ಷೆಯವರಿಗೆ ಹೊಸದೂ ಅಲ್ಲ. 2007-08ರಲ್ಲಿ ಅಮೆರಿಕದ ಜನಗಣತಿಯವರ ಟೈಗರ್ ರಸ್ತೆ ಮಾಹಿತಿಯನ್ನು ಒಟ್ಟಿಗೆ ತುಂಬಿದರು. ದೇಶವೆಲ್ಲ ಒಂದೇ ಏಟಿಗೆ ತುಂಬಿತು. ಪಕ್ಕಕ್ಕೆ ಸರಿದ ರಸ್ತೆ, ಜಾಗದಲ್ಲಿ ಇಲ್ಲವೇ ಇಲ್ಲದ ರಸ್ತೆ, ಎಲ್ಲವೂ ಅದರ ಜೊತೆ ಬಂದವು. ವರ್ಷಗಟ್ಟಲೆ ಜನ ಕೂತು ಸರಿ ಮಾಡಿದರು. ಅದು ಎಐ ಅಲ್ಲ, ಒಪ್ಪುತ್ತೇನೆ. ಆದರೆ ಆ ಒಂದೊಂದು ಗೆರೆಗೂ 'ನಾನು ನೋಡಿದ್ದೇನೆ' ಎನ್ನುವ ಮನುಷ್ಯ ಇರಲಿಲ್ಲ. ಎಐ ಬರಹದ ಹಿಂದೆಯೂ ಇರುವುದಿಲ್ಲ.

ಪರ ಇರುವವರು ತಕ್ಷಣ ಹಳ್ಳಿಯ ರೈತನನ್ನು ಮುಂದೆ ತಂದು ನಿಲ್ಲಿಸುತ್ತಾರೆ, ಪಾಪ, ಅವನಿಗೆ ಇಂಗ್ಲಿಷ್ ಬಾರದು ಎಂದು. ನಾನು ಓದಿದ ಎಐ ಬರಹಗಳಲ್ಲಿ ಜಾಸ್ತಿ ಕಂಡದ್ದು ಟೆಕ್ ಪಾರ್ಕಿನಲ್ಲಿ ಕೂತವರ ಸೋಮಾರಿತನ. ಇಂಗ್ಲಿಷ್ ಬಾರದವರು ಕನ್ನಡದಲ್ಲೇ ಬರೆಯಲಿ, ಬೇಕಾದವರು ಅನುವಾದಿಸಿ ಓದಲಿ. ಆ ಅನುವಾದವನ್ನು ಮಾಡುವುದೂ ಎಐ ಅಲ್ವಾ ಎಂದು ಮನೆಯಲ್ಲಿ ಮಗಳು ಕೇಳಿದಳು. ಹೌದು. ಅದಕ್ಕೆ ಉತ್ತರ ಪರ ಬರೆಯುವವರ ಹತ್ತಿರ ಇರಬಹುದು, ನನಗೆ ಕೊಟ್ಟದ್ದು ವಿರೋಧ.