ಒಂದೂವರೆ ಸಾಲಿನ ಹಿಂಬರಹ

‘ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿರುವುದಿಲ್ಲವಾದ್ದರಿಂದ ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.’

ದೊಡ್ಡಪ್ಪ ತೀರಿಕೊಂಡ ಮೇಲೆ ಜಮೀನಿನ ದಾಖಲೆಯನ್ನು ದೊಡ್ಡವ್ವನ ಹೆಸರಿಗೆ ವರ್ಗಾಯಿಸಲು, ಅಂದರೆ ಪೌತಿ ಖಾತೆ ಮಾಡಿಸಲು, ಹನ್ನೊಂದು ತಿಂಗಳು ಅಲೆದಿದ್ದೆವು. ಕೊನೆಗೆ ಸಿಕ್ಕಿದ ಹಿಂಬರಹ ಇಷ್ಟೇ. ಕೆಳಗೆ ನೀಲಿ ಸೀಲು, ಅದರ ಮೇಲೆ ಓದಲಾಗದ ಸಹಿ. ಯಾವ ನಿಯಮ, ಏನು ಕೊರತೆ ಅಂತ ಕೇಳಿದರೆ ಗುಮಾಸ್ತರು ‘ಅದ್ರಾಗೇ ಬರದೈತಲ್ರೀ’ ಎಂದರು.

ಇಂಥದ್ದಕ್ಕೆ ಸಾಮಾನ್ಯವಾಗಿ ಮೊದಲು ಎಸಿ (ಉಪವಿಭಾಗಾಧಿಕಾರಿ) ಹತ್ತಿರ ಅಪೀಲು ಹೋಗಬೇಕು. ನಮ್ಮನ್ನು ಒಮ್ಮೆಯೂ ವಿಚಾರಿಸದೆ ತಿರಸ್ಕರಿಸಿದ್ದರಿಂದ ಹೈಕೋರ್ಟಿನ ಧಾರವಾಡ ಪೀಠದಲ್ಲಿ ನೇರ ರಿಟ್ ಅರ್ಜಿ ಹಾಕೋಣ ಎಂದರು ವಕೀಲರು. ಜೊತೆಗೆ ಹೇಳಿದರು: ‘ಕೋರ್ಟ್ ನಿಮಗ ಖಾತಾ ಮಾಡಿ ಕೊಡಂಗಿಲ್ರೀ. ಹಿಂಬರಹ ರದ್ದು ಮಾಡ್ತದ, ಫೈಲ್ ಮತ್ತ ಅಲ್ಲಿಗೇ ಹೋಗ್ತದ.’

ಕಳ್ಳನ ಕೈಗೇ ಕೀಲಿಕೈ ಕೊಟ್ಟ ಹಾಗಲ್ವಾ ಅಂತ ಸಿಟ್ಟು ಬಂದಿತ್ತು. ಈಗ ಹಾಗನ್ನಿಸುವುದಿಲ್ಲ. ಜಡ್ಜ್ ಪಹಣಿ ಹಿಡಿದು ಕೂತರೆ ಅವರೇ ತಹಶೀಲ್ದಾರರಾಗಿಬಿಡುತ್ತಾರೆ. ಅವರು ನೋಡುವುದು ಬೇರೆ: ಈ ಅಧಿಕಾರ ಕಾನೂನಿನಲ್ಲಿದೆಯೇ, ಎದುರಿನವರ ಮಾತು ಕೇಳಿದ್ದಾರೆಯೇ, ಕಾರಣ ಬರೆದಿದ್ದಾರೆಯೇ. ಇಷ್ಟು ಕೇಳಿದರೂ ದೊಡ್ಡ ದೊಡ್ಡ ಆದೇಶಗಳು ಉದುರುತ್ತವೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಆಗಿನ ಮುಖ್ಯಮಂತ್ರಿಯ ಸೂಚನೆಯಂತೆ ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಬಿಡಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟು ಅದು ಊರ್ಜಿತವಲ್ಲ ಎಂದಿತು. ಆಸ್ಪತ್ರೆ ಬೇಡ ಅಂತಲ್ಲ; ನಕ್ಷೆಯಲ್ಲಿರುವ ಪಾರ್ಕನ್ನು ಹಾಗೆ ಎತ್ತಿಕೊಡಲು ಕಾನೂನಿನಲ್ಲಿ ಜಾಗವಿರಲಿಲ್ಲ.

ಇನ್ನು ಕಾರಣದ ವಿಷಯ. ಪಂಜಾಬಿನ ಫಿರೋಜ್‌ಪುರ ಚುನಾವಣೆಯ ಜಗಳದಲ್ಲಿ, 1977ರಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದ್ದರು: ಆದೇಶದಲ್ಲಿಲ್ಲದ ಕಾರಣವನ್ನು ಆಮೇಲೆ ಅಫಿಡವಿಟ್ಟಿನಲ್ಲಿ ತುರುಕುವಂತಿಲ್ಲ. ಆದೇಶವೇನು ಹಳತಾದಷ್ಟೂ ರುಚಿ ಏರುವ ವೈನ್ ಅಲ್ಲ ಅಂತ ಬೇರೆ ಸೇರಿಸಿದರು. ನಮ್ಮ ಕೇಸಿನಲ್ಲೂ ಸರ್ಕಾರಿ ವಕೀಲರು ನಾಲ್ಕು ಕಾರಣ ಹೇಳಲು ಹೊರಟಿದ್ದರು. ‘ಇದೆಲ್ಲ ಹಿಂಬರಹದಲ್ಲಿ ಎಲ್ಲಿದೆ?’ ಎಂದು ಜಡ್ಜ್ ಕೇಳಿದ ಮೇಲೆ ಐದು ನಿಮಿಷದಲ್ಲಿ ಮುಗಿಯಿತು.

ನನ್ನ ತಕರಾರು ಒಂದೇ. ವಕೀಲರ ಫೀಸು, ಬಸ್ ಚಾರ್ಜು, ಎರಡು ವರ್ಷ, ಎಲ್ಲಾ ನಮ್ಮದು. ಒಂದೂವರೆ ಸಾಲು ಗೀಚಿದವರಿಗೆ ಒಂದು ರೂಪಾಯಿ ಖರ್ಚಿಲ್ಲ. ಹೀಗೆ ರದ್ದಾದ ಹಿಂಬರಹಕ್ಕೆ ಸಹಿ ಹಾಕಿದವರ ಸಂಬಳದಲ್ಲಿ ಸ್ವಲ್ಪವಾದರೂ ಕತ್ತರಿಸಬೇಕು. ಜಾಸ್ತಿ ಆಯ್ತು ಅನ್ನುವವರು ಆ ಕಚೇರಿಯ ಬೆಂಚಿನ ಮೇಲೆ ಒಂದು ದಿನ ಕೂತು ನೋಡಿ.

ಎರಡನೇ ಸಲವೂ ಅರ್ಜಿ ತಿರಸ್ಕೃತವೇ. ಆದರೆ ಹಿಂಬರಹ ಎರಡು ಪುಟ ಇತ್ತು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಮಗಳ ಹೆಸರು ಬಿಟ್ಟಿದೆ ಅಂತ ಬರೆದಿದ್ದರು. ನಿಜ, ನಾವೇ ಬಿಟ್ಟಿದ್ದೆವು. ಸೇರಿಸಿ ಕೊಟ್ಟೆವು.