ಕಂಬಕ್ಕೆ ದುಡ್ಡು ಕೊಟ್ಟವರು ಕಾವಲಿಗೂ ಕೊಡಬೇಕು

ನಾನು ಹುಕ್ಕೇರಿ ತಾಲ್ಲೂಕಿನವನು. ನಮ್ಮ ಮನೆಗಳಿಗೆ ಕರೆಂಟು ಕೊಡುವುದು ಹೆಸ್ಕಾಂ ಅಲ್ಲ, ನಮ್ಮದೇ ಸೊಸೈಟಿ. 1969ರಲ್ಲಿ ಅಮೆರಿಕದ ವಿದ್ಯುತ್ ಸಹಕಾರಿ ಸಂಘಗಳ ಒಕ್ಕೂಟದ ನೆರವಿನಿಂದ ನಮ್ಮ ದೇಶದಲ್ಲಿ ಶುರುವಾದ 5 ಸಂಘಗಳಲ್ಲಿ ಅದೂ ಒಂದು. ಈಗ ನಾನಿರುವ ಅಮೆರಿಕದ ಕೊಲರಾಡೊ ರಾಜ್ಯದ ಹಳ್ಳಿಯಲ್ಲೂ ಕರೆಂಟು ಅಂಥದ್ದೇ ಸಂಘದ್ದು. ಬಿಲ್ ಬಂದಾಗಲೆಲ್ಲ ಊರು ನೆನಪಾಗುತ್ತದೆ.

ಹೋದ ತಿಂಗಳು ಬಿಲ್ ಕಟ್ಟಲು ಇಲ್ಲಿನ ಸಂಘದ ಆಫೀಸಿಗೆ ಹೋಗಿದ್ದೆ. ಕೌಂಟರ್ ಹಿಂದೆ ಒಬ್ಬರು ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದರು. ಬೆರಳಿಗೆಲ್ಲ ಕರಿ ಪುಡಿ. ಸಂಘದ ಕಂಪ್ಯೂಟರ್, ಫೋನು, ಮೀಟರ್ ಲೆಕ್ಕ ಎಲ್ಲ ನೋಡುವವರು ಅವರೊಬ್ಬರೇ. ಹ್ಯಾಕರ್‌ಗಳು ನುಗ್ಗಿದರೆ ನೋಡುವವರು ಯಾರು ಅಂತ ಕೇಳಿದೆ. "ಅದೂ ನಾನೇ. ರಾತ್ರಿ ಮಕ್ಕಳು ಮಲಗಿದ ಮೇಲೆ ನೋಡ್ತೀನಿ" ಅಂದರು. ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2021ರ ನವೆಂಬರ್‌ನಲ್ಲಿ ಇದೇ ಕೊಲರಾಡೊದ ಡೆಲ್ಟಾ ಮಾಂಟ್ರೋಸ್ ವಿದ್ಯುತ್ ಸಂಘದ ಮೇಲೆ ಸೈಬರ್ ದಾಳಿ ಆಯಿತು. ಆಫೀಸಿನ ಕಂಪ್ಯೂಟರ್ ವ್ಯವಸ್ಥೆ ಶೇ. 90ರಷ್ಟು ಕೆಟ್ಟು ಕೂತಿತು. 20–25 ವರ್ಷದ ಹಳೆ ದಾಖಲೆಯಲ್ಲಿ ಹೆಚ್ಚಿನದು ಹೋಯಿತು. ಪುಣ್ಯಕ್ಕೆ ಕರೆಂಟು ಹೋಗಲಿಲ್ಲ.

ಇನ್ನು ಮ್ಯಾಸಚೂಸೆಟ್ಸ್‌ನ ಲಿಟಲ್‌ಟನ್ ನೋಡಿ. ಸಣ್ಣ ಊರು, ಊರಿನದೇ ಕರೆಂಟು ಮತ್ತು ನೀರಿನ ಇಲಾಖೆ. 2023ರಲ್ಲಿ ಅಲ್ಲಿನ ಮ್ಯಾನೇಜರ್‌ಗೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಿಂದ ಫೋನ್ ಬಂತು. ಯಾರೋ ಮೋಸ ಮಾಡ್ತಿದ್ದಾರೆ ಅಂತಲೇ ಮೊದಲು ಅವರಿಗೆ ಅನ್ನಿಸಿತು. ಆದರೆ ವೋಲ್ಟ್ ಟೈಫೂನ್ ಅನ್ನುವ, ಚೀನಾ ಸರ್ಕಾರದ ಬೆಂಬಲ ಇರುವ ಹ್ಯಾಕರ್‌ಗಳ ಗುಂಪು ನಿಜಕ್ಕೂ ಅವರ ಕಂಪ್ಯೂಟರ್ ಜಾಲದ ಒಳಗೆ ಸೇರಿಕೊಂಡಿತ್ತು. ಅದೂ 300 ದಿನಕ್ಕಿಂತ ಜಾಸ್ತಿ! ಹತ್ತು ತಿಂಗಳು ಕಳ್ಳ ಅಟ್ಟದ ಮೇಲೆ ಕೂತಿದ್ದಾನೆ, ಕೆಳಗೆ ಮನೆಯವರು ಊಟ ಮಾಡಿ ಮಲಗುತ್ತಿದ್ದಾರೆ. ಇಷ್ಟು ಚಿಕ್ಕ ಊರಿಗೆ ಯಾರು ಬರ್ತಾರೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಸಂಘದವರೇ ಖರ್ಚು ಮಾಡಿಕೊಳ್ಳಲಿ ಅನ್ನುವವರೂ ಇದ್ದಾರೆ. ಮಾಡಿಕೊಳ್ಳುವುದು ಹೇಗೆ? ಹಳ್ಳಿ ಸಂಘಗಳಿಗೆ ಒಂದು ಮೈಲಿ ತಂತಿಗೆ ಸರಾಸರಿ 8 ಗ್ರಾಹಕರು ಸಿಕ್ಕರೆ ಹೆಚ್ಚು. ಕಂಬ, ಲೈನ್‌ಮ್ಯಾನ್, ಮಳೆಗಾಳಿಯ ರಿಪೇರಿ ಎಲ್ಲ ಅಷ್ಟೇ ಮನೆಗಳ ಬಿಲ್ಲಿನಿಂದ ಹೊರಡಬೇಕು. 1930ರ ದಶಕದ ನಡುವಿಗೂ ಅಮೆರಿಕದ ಹತ್ತು ರೈತರ ಮನೆಯಲ್ಲಿ ಒಂಬತ್ತಕ್ಕೆ ಕರೆಂಟೇ ಇರಲಿಲ್ಲ. ದೊಡ್ಡ ಕಂಪನಿಗಳು ಲಾಭ ಇಲ್ಲ ಅಂತ ಬರಲಿಲ್ಲ. 1936ರಲ್ಲಿ ಕಾನೂನು ಮಾಡಿ ಸರ್ಕಾರವೇ ಸಾಲ ಕೊಟ್ಟಿತು, ಆಮೇಲೆ ಕಂಬ ನಿಂತವು. ಅದೇ ತಂತಿಗೆ ಈಗ ಕಾವಲು ಬೇಕು ಅಂದರೆ ಸರ್ಕಾರ ಕೈ ಕಟ್ಟಿ ಕೂರಬಾರದು, ಅಲ್ವಾ?

ಸರ್ಕಾರ ಏನೂ ಮಾಡಿಲ್ಲ ಅನ್ನಲಾರೆ. 2021ರ ಮೂಲಸೌಕರ್ಯ ಕಾನೂನಿನಲ್ಲಿ ಹಳ್ಳಿ ಮತ್ತು ಸಣ್ಣ ಊರುಗಳ ವಿದ್ಯುತ್ ಸಂಸ್ಥೆಗಳ ಸೈಬರ್ ರಕ್ಷಣೆಗೆ 5 ವರ್ಷಕ್ಕೆ 25 ಕೋಟಿ ಡಾಲರ್ ಇಟ್ಟರು. ತುಂಬ ಒಳ್ಳೆಯ ಕೆಲಸ. ಆದರೆ ಇಲ್ಲಿ ಸಹಕಾರಿ ಸಂಘಗಳೇ 900ರ ಆಸುಪಾಸು, ಊರುಗಳ ವಿದ್ಯುತ್ ಇಲಾಖೆಗಳು ಸುಮಾರು 2,000. ಸಮನಾಗಿ ಹಂಚಿದರೆ ಒಂದೊಂದಕ್ಕೆ ವರ್ಷಕ್ಕೆ 17 ಸಾವಿರ ಡಾಲರ್ ಬರುತ್ತದೆ. ಈ ಕೆಲಸ ಬಲ್ಲ ಒಬ್ಬರ ಸಂಬಳಕ್ಕೂ ಅದು ಸಾಲದು. ಆ 5 ವರ್ಷ 2026ಕ್ಕೆ ಮುಗಿಯುತ್ತದೆ ಬೇರೆ.

ನನಗೆ ಚಿಂತೆ ಇರುವುದು ಇಲ್ಲೇ. ದುಡ್ಡು ಬಂದ ಕೂಡಲೇ ಹೊಸ ಸಾಮಾನು ಕೊಳ್ಳುವುದು ಸುಲಭ. ಹ್ಯಾಕರ್‌ಗಳನ್ನು ತಡೆಯುವ ಫೈರ್‌ವಾಲ್ ತಂದು ಗೋಡೆಗೆ ಹಾಕಿ, ಅಪ್‌ಡೇಟ್ ಮಾಡುವವರೇ ಇಲ್ಲದಿದ್ದರೆ ಏನು ಬಂತು? ಬೀಗ ತಂದು ಬಾಗಿಲಿಗೆ ಹಾಕುವುದನ್ನೇ ಮರೆತ ಹಾಗೆ. ಮೊದಲು ಜನ ಬೇಕು. ನಾಲ್ಕೈದು ಸಂಘಗಳು ಸೇರಿ ಒಬ್ಬರನ್ನು ಇಟ್ಟುಕೊಂಡರೂ ಸರಿ, ಆ ಸಂಬಳಕ್ಕೆ ಪ್ರತಿ ವರ್ಷ ಸರ್ಕಾರದ ದುಡ್ಡು ಬರಬೇಕು.

ಊರಲ್ಲಿರುವ ಗೆಳೆಯರೇ, ನಮ್ಮ ಹುಕ್ಕೇರಿ ಸೊಸೈಟಿಗೂ ಇಂಥ ನೆರವು ಬೇಕು ಅಂತ ನೀವೂ ಕೇಳಿ. ಇಲ್ಲಿ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ನಾನಂತೂ ಎದ್ದು ನಿಂತು ಕೇಳುತ್ತೇನೆ: ಆ ಪ್ರಿಂಟರ್ ಬಿಚ್ಚುತ್ತಿದ್ದವರ ಜೊತೆಗೆ ಇನ್ನೊಬ್ಬರು ಯಾವಾಗ ಬರುತ್ತಾರೆ?